ಶಿವರಾಮ ಕಾರಂತರು ಮತ್ತು ಕೈಗಾ

ಕನ್ನಡ ಪಾಠಗಳಲ್ಲಿ ಡಾ. ಶಿವರಾಮ ಕಾರಂತರ ಹೆಸರು ಕಂಡ ಮಕ್ಕಳು ಅವರನ್ನು ಕಾದಂಬರಿಕಾರರೆಂದೇ ತಿಳಿದಿರುತ್ತಾರೆ. ಅದು ಸರಿಯೇ. ಆದರೆ ಮನುಕುಲದ ಮುಂದಿನ ದಿನಗಳ ಕುರಿತು ವಿಜ್ಞಾನಿಗಳೊಡನೆ ವಾದಕ್ಕೆ ನಿಂತ ಕಾರಂತರನ್ನು ಇಲ್ಲಿ ಪರಿಚಯಿಸಬೇಕೆಂಬುದು ನಮ್ಮ ಇಚ್ಛೆ.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿಯ ಕಡೆಯ ಕೋಟದಲ್ಲಿ. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು ಮತ್ತೆ ಅತ್ತ ತಿರುಗಿ ನೋಡಲಿಲ್ಲ. ಹಾಗೆ ಓದು ಬಿಟ್ಟವರೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನೂ, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದರು. ನಕ್ಷತ್ರ, ಬಂಡೆ, ಜೀವಕೋಶ, ಪರಮಾಣು ಎಲ್ಲವೂ ಕನ್ನಡದಲ್ಲಿ! ಸಮಡೋಳಿಯಂಥ ಗಡಿಯೂರಿನಲ್ಲಿ ಕನ್ನಡದಲ್ಲೇ ವಿಜ್ಞಾನ ಓದುವ ನಮಗೆ ಆ ದುಡಿಮೆಯ ಬೆಲೆ ಬೇರೆಯವರಿಗಿಂತ ಹೆಚ್ಚು ತಿಳಿಯುತ್ತದೆ. ಕಾದಂಬರಿ, ಯಕ್ಷಗಾನ, ನಾಟಕಗಳ ಮಾತು ಹೇಳತೊಡಗಿದರೆ ಈ ಸಂಚಿಕೆ ಸಾಲದು. ‘ಮೂಕಜ್ಜಿಯ ಕನಸುಗಳು’ ಕೃತಿಗೆ ಜ್ಞಾನಪೀಠ ಪ್ರಶಸ್ತಿ ಬಂತು ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ.

1980ರ ದಶಕದಲ್ಲಿ ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ದಡದ ಕಾಡಿನಲ್ಲಿ, ಅಣುವಿದ್ಯುತ್ ಸ್ಥಾವರ ಕಟ್ಟಲು ಸರಕಾರ ನಿರ್ಧರಿಸಿತು. ನಮ್ಮ ಕೃಷ್ಣೆ, ವಾರಣೆಯರ ತವರಾದ ಸಹ್ಯಾದ್ರಿಯೇ ಕಾಳಿಗೂ ತವರು. 1986ರಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರ ಸಿಡಿದು ಲೋಕವೇ ನಡುಗಿತ್ತು. ಮುಪ್ಪಿನಲ್ಲಿದ್ದ ಕಾರಂತರು ಸುಮ್ಮನೆ ಕೂಡಲಿಲ್ಲ. ಕಾಡು ಹೋದರೆ ಮಳೆ ಎಲ್ಲಿಂದ ಬರಬೇಕು? ಭೂಮಿ ನಡುಗಿದರೆ ಗತಿಯೇನು? ಉರಿದುಳಿದ ಇಂಧನವನ್ನು ಸಾವಿರಾರು ವರ್ಷ ಕಾಯುವವರಾರು? ಇವು ಅಂದಿನ ವಿರೋಧದ ಮುಖ್ಯ ಪ್ರಶ್ನೆಗಳು. 1967ರ ಕೊಯ್ನಾ ಭೂಕಂಪವನ್ನು ಕಂಡ ನಮ್ಮ ಹಿರಿಯರಿಗೆ ಎರಡನೆಯ ಪ್ರಶ್ನೆ ಬರಿಯ ಪುಸ್ತಕದ ಮಾತಾಗಿ ಕೇಳಿಸದು.

ಎದುರು ಪಕ್ಷದಲ್ಲಿದ್ದವರು ಸಾಮಾನ್ಯರಲ್ಲ. ಅಣುವಿಜ್ಞಾನಿ ಡಾ. ರಾಜಾ ರಾಮಣ್ಣನವರು ಕನ್ನಡ ನಾಡಿನವರೇ, ಪಿಯಾನೋ ನುಡಿಸುವುದರಲ್ಲಿ ನಿಪುಣರು. ವಿಜ್ಞಾನ ಬರೆದ ಸಾಹಿತಿ ಒಂದು ಕಡೆ, ಸಂಗೀತ ಬಲ್ಲ ವಿಜ್ಞಾನಿ ಇನ್ನೊಂದು ಕಡೆ! ವಿದ್ಯುತ್ತಿಲ್ಲದೆ ನಾಡು ಬೆಳೆಯದು, ಸುರಕ್ಷತೆಗೆ ತಕ್ಕ ಏರ್ಪಾಡು ಇದೆ ಎಂಬುದು ವಿಜ್ಞಾನಿಗಳ ವಾದ. ಅದರಲ್ಲೂ ತಿರುಳಿತ್ತೆಂದು ನಾವು ಒಪ್ಪಲೇಬೇಕು.

1989ರಲ್ಲಿ, 87ರ ವಯಸ್ಸಿನಲ್ಲಿ, ಕಾರಂತರು ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿದರು. ಗೆಲ್ಲಲಿಲ್ಲ. ಆದರೂ ಮನೆಮನೆಯಲ್ಲಿ ಕೈಗಾದ ಚರ್ಚೆ ನಡೆಯಿತು. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಸ್ಥಾವರದ ಕಾಂಕ್ರೀಟು ಗುಮ್ಮಟದ ಒಳಭಾಗ ಕಳಚಿಬಿತ್ತು. ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅಪಾಯ ಒದಗಲಿಲ್ಲ. ಮತ್ತೆ ಕಟ್ಟಿದರು.

1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. ಕೈಗಾದ ವಾಣಿಜ್ಯ ವಿದ್ಯುತ್ ಉತ್ಪಾದನೆ 2000ದಲ್ಲಿ ಶುರುವಾಯಿತು. ಈಗ ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲನೆಯ ಘಟಕ 2018ರ ಕೊನೆಗೆ, 962 ದಿನ ಎಡೆಬಿಡದೆ ನಡೆದು ದಾಖಲೆ ಮಾಡಿತು. ಕಾರಂತರು ಅಂಜಿದಂಥ ದೊಡ್ಡ ದುರಂತ ಅಲ್ಲಿ ಆಗಿಲ್ಲ. ಇಂಧನದಿಂದ ಬೇರ್ಪಡಿಸಿದ ತೀವ್ರ ವಿಕಿರಣದ ಕಸವನ್ನು ನಮ್ಮ ದೇಶದಲ್ಲಿ ಗಾಜಿನೊಡನೆ ಕರಗಿಸಿ, ಉಕ್ಕಿನ ಪಾತ್ರೆಗಳಲ್ಲಿ ತುಂಬಿ ಕಾಪಾಡುತ್ತಾರೆ. ಅದನ್ನು ಶಾಶ್ವತವಾಗಿ ಇಡಬೇಕಾದ ನೆಲದಾಳದ ಉಗ್ರಾಣವನ್ನು ಇನ್ನೂ ಕಟ್ಟಿಲ್ಲ.