ಗುಮ್ಮಟದ ಅರಸು ಕಟ್ಟಿಸಿದ ಕೆರೆ
ವಿಜಯಪುರದ ಮುಹಮ್ಮದ ಆದಿಲಶಾಹನೆಂದೊಡನೆ ನೆನಪಿಗೆ ಬರುವುದು ಗೋಲಗುಮ್ಮಟ. 1627ರಲ್ಲಿ ಎಳೆಯ ಪ್ರಾಯದಲ್ಲಿಯೇ ಪಟ್ಟವೇರಿದ ಆತನ ಕಾಲದಲ್ಲಿ ರಾಜ್ಯವು ದಕ್ಷಿಣಕ್ಕೆ ಹಬ್ಬಿತು. ರಾಜಧಾನಿಯಲ್ಲಿ ಜನವಸತಿ ಹೆಚ್ಚಿತು. ಆಲಮೇಲ, ಸಿಂದಗಿ, ಇಂಡಿಗಳಂತೆ ಈ ನಗರವೂ ಮಳೆ ವಿರಳವಾದ ಸೀಮೆಯದು. ಪಕ್ಕದಲ್ಲಿ ಹೊಳೆಯೂ ಇಲ್ಲ. ಹಿಂದಿನವರು ತೊರವಿಯಿಂದ ತಂದ ನೀರು ಸಾಲದಾಯಿತು. ಆಗ, 1651ರಲ್ಲಿ, ನಗರದ ದಕ್ಷಿಣಕ್ಕೆ ಬೇಗಂ ತಲಾಬವೆಂಬ ಕೆರೆಯನ್ನು ಕಟ್ಟಿಸಿದನು. ಗಾರೆಯ ಕವಚವಿದ್ದ ಮಣ್ಣಿನ ಕೊಳವೆಗಳಲ್ಲಿ, ಕೇವಲ ಇಳಿಜಾರಿನ ಬಲದಿಂದ, ನೀರು ಊರಿಗೆ ಹರಿಯಿತು. ಒತ್ತಡ ತಗ್ಗಿಸಿ ಹೂಳು ತಡೆಯಲು ನಡುನಡುವೆ ಗಂಜುಗಳೆಂಬ ಗೋಪುರಗಳಿದ್ದವು. 1656ರಲ್ಲಿ ಅರಸನು ಗುಮ್ಮಟದಡಿ ಮಣ್ಣಾದನು. 1686ರಲ್ಲಿ ರಾಜ್ಯವೂ ಅಳಿಯಿತು. ಗುಮ್ಮಟವನ್ನು ನೋಡಹೋದವರು ಆ ಕೆರೆಯ ಏರಿಯವರೆಗೂ ನಡೆಯುವುದು ಲೇಸು. ಕೋಟೆ ಕಾಯ್ದ ಊರನ್ನು ಬದುಕಿಸಿದ್ದು ನೀರು.