ಒಂದು ವರ್ಷದ ಪ್ರೊಬೇಷನ್: ಕಮಲಾ ಸೊಹೊನಿ

1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್‌ಸಿ.ಯಲ್ಲಿ ಮೊದಲು ಬಂದ ಕಮಲಾ ಭಾಗವತ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಇವತ್ತಿನ ಐಐಎಸ್‌ಸಿಗೆ ಅರ್ಜಿ ಹಾಕಿದರು. ಅಪ್ಪ ನಾರಾಯಣರಾವ್ ಕೂಡ ಅಲ್ಲೇ ಓದಿದವರು. ಆದ್ರೂ ಸೀಟು ಸಿಗಲಿಲ್ಲ. ಕಾರಣ ಒಂದೇ, ಆಕೆ ಹುಡುಗಿ. ಬೇಡ ಅಂದವರು ಸಾಮಾನ್ಯದವರಲ್ಲ, ನೊಬೆಲ್ ಪಡೆದಿದ್ದ ನಿರ್ದೇಶಕ ಸರ್ ಸಿ.ವಿ. ರಾಮನ್.

ಕಮಲಾ ಸುಮ್ಮನಾಗಲಿಲ್ಲ. ಬೆಂಗಳೂರಿಗೇ ಬಂದು, ಸೇರಿಸಿಕೊಳ್ಳೋವರೆಗೂ ಕದಲಲ್ಲ ಅಂತ ಪಟ್ಟು ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ. ಗೈಡ್ ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಲ್ಯಾಬಿನ ವಾತಾವರಣ ಕೆಡಿಸಬಾರದು.

ಗೈಡ್ ಎಂ. ಶ್ರೀನಿವಾಸಯ್ಯ ತುಂಬಾ ಸ್ಟ್ರಿಕ್ಟ್, ಆದರೆ ಮನಸ್ಸಿಟ್ಟು ಕಲಿಸಿದರು. ಕಮಲಾ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿದರು. ಆ ಕೆಲಸ ನೋಡಿ ವರ್ಷದ ಕೊನೆಗೆ ರಾಮನ್ ಮನಸ್ಸು ಬದಲಾಯಿತು. ಕಮಲಾಗೆ ಪೂರ್ಣ ಪ್ರವೇಶ ಸಿಕ್ಕಿತು, ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು.

ಮುಂದೆ ಕೇಂಬ್ರಿಜ್‌ನಲ್ಲಿ ಸಸ್ಯಗಳಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ಕಂಡುಹಿಡಿದು, 1939ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಮುಂಬೈನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸೇರಿ, ನೀರಾದ ಪೌಷ್ಟಿಕತೆಯ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಗಳಿಸಿದರು. ಅಷ್ಟಾದ್ರೂ ಅಲ್ಲಿ ನಿರ್ದೇಶಕಿಯಾಗಲು ವರ್ಷಗಟ್ಟಲೆ ಕಾಯಬೇಕಾಯಿತು. 1998ರಲ್ಲಿ ತೀರಿಕೊಂಡರು. ಬೆಂಗಳೂರಿನ ಆ ಅವಮಾನವನ್ನು ಕೊನೆವರೆಗೂ ಮರೆತಿರಲಿಲ್ಲ.

ಒಳ್ಳೆ ಕೆಲಸ ಒಬ್ಬರ ಮನಸ್ಸು ಬದಲಿಸಬಹುದು. ಆದರೆ ಮುಂದಿನ ಆಫೀಸಿನಲ್ಲಿ ಮತ್ತೆ ಮೊದಲಿಂದ ಶುರು. ನಮ್ಮ ಪ್ರಾಜೆಕ್ಟ್ ಟೀಮಲ್ಲಿ ಹುಡುಗಿಗೆ ಬರೀ ರಿಪೋರ್ಟ್ ಟೈಪ್ ಮಾಡೋ ಕೆಲಸ ಕೊಡುವ ಮುಂಚೆ ಇದು ನೆನಪಿರಲಿ.