ಮರಳಿ ಬಂದವರಿಗೆ ಬಾಗಿಲು ತೆರೆದ ದೊಡ್ಡ ಸ್ವಾಮಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾಯಿತು. ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದ. ಇತಿಹಾಸದ ಪುಟಗಳು ಅಲ್ಲಿಂದ ಮುಂದೆ ಮೈಸೂರಿನ ಸಿಂಹಾಸನದತ್ತ ಹೊರಳುತ್ತವೆ. ಆದರೆ ಅದೇ ಪಟ್ಟಣದಲ್ಲಿ ಇನ್ನೊಂದು ಪ್ರಶ್ನೆಯೂ ಉತ್ತರಕ್ಕಾಗಿ ಕಾದಿತ್ತು. ಸೆರೆಯ ದಿನಗಳಲ್ಲಿ ಮತಾಂತರಗೊಂಡಿದ್ದ ಕ್ರೈಸ್ತರು ತಮ್ಮ ಮೊದಲಿನ ನಂಬಿಕೆಗೆ ಮರಳಲು ಬಯಸಿದ್ದರು. ಅವರನ್ನು ಎದುರುಗೊಳ್ಳುವ ಹೊಣೆ ಫ್ರಾನ್ಸಿನ ತರುಣ ಪಾದ್ರಿಯೊಬ್ಬರ ಪಾಲಿಗೆ ಬಂತು. ಅವರೇ ಅಬ್ಬೆ ದುಬಾಯ್.

ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದವರಾದ ಜೀನ್ ಆಂಟೋನ್ ದುಬಾಯ್ 1792ರಲ್ಲಿ ಗುರುದೀಕ್ಷೆ ಪಡೆದರು. ಕ್ರಾಂತಿಯ ಬಿರುಗಾಳಿಯಲ್ಲಿ ತತ್ತರಿಸುತ್ತಿದ್ದ ತಾಯ್ನಾಡನ್ನು ಅದೇ ವರ್ಷ ಬಿಟ್ಟು ಹೊರಟು ಪುದುಚೇರಿ ಸೇರಿದರು. ಇಲ್ಲಿನ ಉಡುಗೆ ತೊಟ್ಟು, ಮಾಂಸಾಹಾರ ತ್ಯಜಿಸಿ, ಜನರ ನಡುವೆ ಜನರಂತೆಯೇ ಬಾಳಿದರು. ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರು ಸೀಮೆ ಅವರ ಕರ್ಮಭೂಮಿಯಾಯಿತು.

ಆ ಪ್ರಶ್ನೆಯ ಬೇರು 1784ರಲ್ಲಿತ್ತು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿದ್ದ. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದುಬಾಯ್ ಬರೆದ ಲೆಕ್ಕ 60,000. ಇಷ್ಟು ಮಂದಿಯಲ್ಲಿ ಧರ್ಮಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬರಿಗೂ ಬರಲಿಲ್ಲವೆಂದು ಅವರು ಮುಂದೆ ತಮ್ಮ ಪತ್ರಗಳಲ್ಲಿ ಕಟುವಾಗಿ ಬರೆದರು. ಸೆರೆಯಲ್ಲಿ ಅಳಿದವರನ್ನು ಇಂದಿಗೂ ಸ್ಮರಿಸುವ ಕರಾವಳಿಯ ಕ್ಯಾಥೊಲಿಕರಿಗೆ ಒಪ್ಪಿಗೆಯಾಗುವ ಮಾತು ಇದಲ್ಲ.

ಆದರೆ ಲೇಖನಿಯಲ್ಲಿದ್ದ ಕಾಠಿಣ್ಯ ಕೃತಿಯಲ್ಲಿ ಉಳಿಯಲಿಲ್ಲ. ತಾವು ಬದಲಾದದ್ದು ಹೊರಗಷ್ಟೇ, ಒಳಗಿನ ನಂಬಿಕೆ ಅಳಿದಿಲ್ಲ ಎಂದು ಹೇಳಿಕೊಂಡು ಬಂದ ಸುಮಾರು 2,000 ಜನ ದುಬಾಯ್ ಅವರ ಬಳಿಗೆ ಮರಳಿದರು. ಅವರ ಲೆಕ್ಕದಂತೆಯೇ ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಹಿಂತಿರುಗಿ ತಮ್ಮ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು.

ಸೋತವರಿಗೆ ಎರಡನೆಯ ಅವಕಾಶವೆಂಬುದು ಕ್ರೈಸ್ತ ಧರ್ಮಗ್ರಂಥದ ನಡುಮನೆಯ ವಿಷಯ. ಯೇಸುವಿನ ಬಂಧನದ ರಾತ್ರಿ ಪೇತ್ರನು ಆತನನ್ನು ಅರಿಯೆನೆಂದು ಮೂರು ಬಾರಿ ನಿರಾಕರಿಸಿದ. ಕೋಳಿ ಕೂಗಿದಾಗ ಬಿಕ್ಕಿ ಅತ್ತ. ಪುನರುತ್ಥಾನಗೊಂಡ ಯೇಸು ಗಲಿಲೇಯ ಸರೋವರದ ದಡದಲ್ಲಿ ತನ್ನ ಮೇಲೆ ಪ್ರೀತಿಯುಂಟೇ ಎಂದು ಮೂರು ಸಲ ಕೇಳಿ, ಅವನಿಗೇ ತನ್ನ ಹಿಂಡನ್ನು ಒಪ್ಪಿಸಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್‌ನ ಹಿಂಸೆಗೆ ಹೆದರಿ ದೇವತೆಗಳಿಗೆ ಬಲಿಯರ್ಪಿಸಿದ್ದ ಕ್ರೈಸ್ತರ ವಿಷಯದಲ್ಲಿಯೂ ಇದೇ ವಾದ ಎದ್ದಿತ್ತು. ಅವರಿಗೆ ಸಭೆಯಲ್ಲಿ ಸ್ಥಾನವಿಲ್ಲವೆಂದು ನೊವೇಶಿಯನ್ ಪಟ್ಟು ಹಿಡಿದ. ಪಶ್ಚಾತ್ತಾಪಪಟ್ಟವರಿಗೆ ಬಾಗಿಲು ಮುಚ್ಚಬಾರದೆಂಬ ನಿಲುವೇ ಕೊನೆಗೆ ಗೆದ್ದಿತು.

ಲೂಕನ ಸುವಾರ್ತೆಯ ದುಂದುಗಾರ ಮಗನ ಕಥೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಆಸ್ತಿಯನ್ನೆಲ್ಲ ಕಳೆದುಕೊಂಡು ಬಂದ ಕಿರಿಯನನ್ನು ತಂದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಮನೆಯಲ್ಲೇ ದುಡಿದ ಹಿರಿಯ ಮಗ ಮುನಿಸಿಕೊಂಡು ಹೊರಗೆ ನಿಲ್ಲುತ್ತಾನೆ. ಆ ಹಿರಿಯ ಮಗನ ಮುನಿಸೂ ತಂದೆಯ ತೆರೆದ ತೋಳೂ ದುಬಾಯ್ ಎಂಬ ಒಬ್ಬನೇ ಮನುಷ್ಯನಲ್ಲಿದ್ದವು. ದಯೆಯನ್ನು ಅರಿತವರಿಗೂ ಅದನ್ನು ಮನಸಾರೆ ನೀಡುವುದು ಸುಲಭವಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಬಂದವರನ್ನು ಸೇರಿಸಿಕೊಂಡರಷ್ಟೇ ಸಾಲದು, ಬದುಕು ಕಟ್ಟಿಕೊಡಬೇಕು ಎಂಬುದನ್ನೂ ಅವರು ಬಲ್ಲವರಾಗಿದ್ದರು. ಹಾಸನದ ಬಳಿಯ ಸಾಥಳ್ಳಿಯಲ್ಲಿ ಬೇಸಾಯದ ನೆಲೆ ಸ್ಥಾಪಿಸಿದರು. ಸಿಡುಬಿನ ಲಸಿಕೆ ಹೊಸದಾಗಿ ಬಂದಿದ್ದ ಕಾಲದಲ್ಲಿ, 1803-04ರ ಸುಮಾರಿಗೆ, ಅವರ ಮೇಲ್ವಿಚಾರಣೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಚರ್ಚ್ ಇಂದಿಗೂ ಅವರ ಹೆಸರಿನಿಂದ ಪ್ರಸಿದ್ಧ.

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹಗಳಿಗೆ ಕೊಂಡು, ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಹೊರಬಂತು. ಆ ಗ್ರಂಥ ಅವರಿಗೆ ಜಗತ್ಪ್ರಸಿದ್ಧಿ ತಂದಿತು. ಆದರೆ ಅದರ ಬಹುಭಾಗ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಹಳೆಯ ಬರಹದಿಂದ ಎತ್ತಿಕೊಂಡದ್ದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು.

1823ರಲ್ಲಿ ದುಬಾಯ್ ಭಾರತ ಬಿಟ್ಟರು. ಹಿಂದೂಗಳನ್ನು ಮತಾಂತರಿಸುವ ಆಸೆ ವ್ಯರ್ಥವೆಂಬ ನಿರಾಶೆಯ ಪತ್ರಗಳು ಅದೇ ವರ್ಷ ಅಚ್ಚಾದವು. ಪ್ಯಾರಿಸ್ಸಿನ ಧರ್ಮಪ್ರಚಾರಕರ ಗುರುಮಠದಲ್ಲಿ ಹೊಣೆ ಹೊತ್ತು, 1848ರ ಫೆಬ್ರುವರಿಯಲ್ಲಿ ಅವರು ನಿಧನರಾದರು. ಹೊಸಬರನ್ನು ಕರೆತರುವಲ್ಲಿ ತಾವು ಸೋತೆವೆಂದೇ ಅವರು ಭಾವಿಸಿದ್ದರು. ದಾರಿ ತಪ್ಪಿದವರೆಂದು ತಾವೇ ಬೈದ ಆ ಎರಡು ಸಾವಿರ ಮಂದಿಗೆ ಮನೆಯ ದಾರಿ ತೋರಿದ್ದು ಮಾತ್ರ ಸೋಲಿನ ಲೆಕ್ಕಕ್ಕೆ ಸೇರುವುದಿಲ್ಲ.